ಆಯನದ ಸಂತೆಯ ತಗಡಿನ ಬೋಟು: ಬಾಯ್ಲರಿನ ದುರಸ್ತಿ

ಬತ್ತಿಯ ಬೆಂಕಿಯಿಂದ ನೀರಿನಲ್ಲಿ ಪಟಪಟನೆ ಓಡುವ ಈ ಆಟಿಕೆ ಬೋಟಿನ ಉದ್ದ 13 ಸೆಂಟಿಮೀಟರ್. ತವರ ಲೇಪಿಸಿದ ತೆಳ್ಳಗಿನ ಕಬ್ಬಿಣದ ತಗಡನ್ನು ಮಡಚಿ ಮಾಡಿದ ಹಸಿರು ಒಡಲು, ಅದರ ಮೇಲೆ ಹಳದಿ ಮಾಡು (ಛಾವಣಿ), ಮಾಡಿನ ಕೆಳಗೆ ಕಿಟಕಿಗಳೆಂದು ಮುದ್ರಿಸಿದ ನೀಲಿ ಚೌಕಗಳು, ಹಿಂಬದಿಯಲ್ಲಿ ನೀರಿಗಿಳಿಯುವ ಎರಡು ಸಪೂರ ಕೊಳವೆಗಳು. ನನ್ನ ಕೈಗೆ ಬಂದಾಗ ಮಾಡಿನ ಬಣ್ಣ ಅರ್ಧದಷ್ಟೇ ಉಳಿದಿತ್ತು. ಒಂದು ಕೊಳವೆ ಬುಡದಲ್ಲಿ ಕಳಚಿಕೊಂಡು ಅಲುಗಾಡುತ್ತಿತ್ತು. ಒಡಲಿನ ಹಿಂಬದಿಯ ತಳದಲ್ಲಿ ತುಕ್ಕು ತಿಂದು ಸುಮಾರು 3 ಮಿಲಿಮೀಟರ್ ಅಗಲದ ತೂತು ಬಿದ್ದಿತ್ತು. ಬತ್ತಿ ಇಡುವ ಚಮಚ ಇರಲೇ ಇಲ್ಲ. ಮಾಡಿನ ಸಂದಿಯಿಂದ ಟಾರ್ಚು ಹಾಯಿಸಿ ನೋಡಿದಾಗ ಬಾಯ್ಲರಿನ, ಅಂದರೆ ನೀರು ಕಾಯುವ ಬಟ್ಟಲಿನ, ಮೇಲಿನ ತೆಳುಪದರವು ಅಂಚಿನುದ್ದಕ್ಕೂ ಸೀಳಿರುವುದು ಕಂಡಿತು. ಈ ಆಟಿಕೆಯ ಸದ್ದು ಹುಟ್ಟುವುದು ಆ ಪದರದಲ್ಲಿ.

ಇದನ್ನು ಕೊಟ್ಟವನು ಬಾಲ್ಯದಲ್ಲಿ ನಮ್ಮ ನೆರೆಮನೆಯವನಾಗಿದ್ದ ಗೆಳೆಯ. ಕಾಸರಗೋಡು ಕಡೆಯ ನೀರ್ಚಾಲಿನ ಹತ್ತಿರವಿರುವ ಅವರ ಹಳೆಯ ಹಂಚಿನ ಮನೆಯನ್ನು ಕೆಡವುವ ಮೊದಲು ಅಟ್ಟ ಖಾಲಿಮಾಡುತ್ತಿದ್ದಾಗ, ತುಕ್ಕು ಹಿಡಿದ ಮೆಟ್ಟುಕತ್ತಿ, ಹಳೆಯ ಪಂಚಾಂಗಗಳ ಕಟ್ಟು ಇವುಗಳ ನಡುವೆ ಇದು ಸಿಕ್ಕಿತಂತೆ. ಮಂಗಳೂರಿಗೆ ಹಿಂದಿರುಗುವ ದಾರಿಯಲ್ಲಿ ನಮ್ಮಲ್ಲಿಗೆ ಬಂದವನು ಕಾಫಿ ಕುಡಿದಾದ ಮೇಲೆ, ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು, ಇದು ನಿನಗೇ ಇರಲಿ ಎಂದು ಹೇಳಿ ಹೊರಟುಹೋದ. 1970ರ ದಶಕದ ಕೊನೆಯಲ್ಲಿ ಅವನ ಸೋದರಮಾವ ಕುಂಬಳೆ ಆಯನದ ಸಂತೆಯಿಂದ ತಂದುಕೊಟ್ಟ ಬೋಟು ಅದು. ಮಕರ ಸಂಕ್ರಮಣದ ಹೊತ್ತಿಗೆ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದಲ್ಲಿ ನಡೆಯುವ ಆ ಉತ್ಸವಕ್ಕೆ ನಮ್ಮ ಕಡೆಯ ದೊಡ್ಡವರು ಬೆಡಿ (ಸಿಡಿಮದ್ದು) ನೋಡಲೆಂದು ಹೋದರೆ, ಮಕ್ಕಳಾದ ನಮ್ಮ ಮನಸ್ಸೆಲ್ಲ ಸಂತೆಯ ಮೇಲಿರುತ್ತಿತ್ತು. ನಮ್ಮ ಮನೆಯಲ್ಲಿದ್ದದ್ದು ಅಡಕೆ ಹಾಳೆಯ ದೋಣಿಗಳು. ಬೆಂಕಿಯಿಂದ ಓಡುವ ಬೋಟು ಇದ್ದದ್ದು ಅವನೊಬ್ಬನಲ್ಲಿ. ತೋಟದ ಕೆರೆಯಲ್ಲಿ ಅವನು ಅದನ್ನು ಬಿಡುವಾಗ ಬತ್ತಿ ಹಚ್ಚುವ ಕೆಲಸ ನನ್ನದಾಗಿತ್ತು. ಅದನ್ನು ಅವನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಾನೆಂಬುದು ನನಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಕೈಹಾಕುವ ಮುನ್ನ ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ನಿರ್ಧರಿಸಿಕೊಂಡೆ. ಬಣ್ಣವನ್ನು ಮುಟ್ಟುವುದಿಲ್ಲ, ಗೀರು, ನೆಗ್ಗು, ಮಾಡಿನ ಮೇಲಿನ ಮಸಿ ಇದ್ದಂತೆಯೇ ಇರಲಿ. ಹಳೆಯ ಆಟಿಕೆಗೆ ಹೊಸ ಬಣ್ಣ ಬಳಿದು ಕಪಾಟಿನಲ್ಲಿಡುವುದು ನನ್ನ ಮಟ್ಟಿಗೆ ದುರಸ್ತಿಯಲ್ಲ. ಈ ಬೋಟನ್ನು ಮಾಡಿದ್ದು ನೀರಿನಲ್ಲಿ ಪಟಪಟನೆ ಸದ್ದುಮಾಡುತ್ತ ಓಡಲಿಕ್ಕೆ. ಹೀಗಾಗಿ ಸರಿಯಾಗಬೇಕಾದದ್ದು ಸದ್ದು ಮತ್ತು ಓಟ, ಅಂದರೆ ಬಾಯ್ಲರು, ಕೊಳವೆ ಮತ್ತು ಬತ್ತಿ. ಉಳಿದದ್ದೆಲ್ಲ ಸೋರದಂತೆ ನಿಂತರೆ ಸಾಕು.

ಇದರ ಯಂತ್ರದಲ್ಲಿ ತಿರುಗುವ ಭಾಗ ಒಂದೂ ಇಲ್ಲ. ಚಪ್ಪಟೆಯಾದ ಸಣ್ಣ ಬಟ್ಟಲು, ಅದರ ಬಾಯಿಗೆ ಬೆಸೆದ ತೆಳ್ಳಗಿನ ಲೋಹದ ಪದರ, ಬಟ್ಟಲಿನಿಂದ ಹೊರಟು ಒಡಲನ್ನು ದಾಟಿ ನೀರೊಳಗೆ ತೆರೆಯುವ ಎರಡು ಕೊಳವೆಗಳು, ಇಷ್ಟೇ. ಕೊಳವೆ ಮತ್ತು ಬಟ್ಟಲಿನಲ್ಲಿ ನೀರು ತುಂಬಿ ಕೆಳಗಿನಿಂದ ಬತ್ತಿ ಹಚ್ಚಿದರೆ ಬಟ್ಟಲಿನ ನೀರಿನಲ್ಲಿ ಸ್ವಲ್ಪ ಭಾಗ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುವುದರಿಂದ ಕೊಳವೆಯಲ್ಲಿರುವ ನೀರು ಹಿಂದಕ್ಕೆ ಚಿಮ್ಮುತ್ತದೆ. ಚಿಮ್ಮಿದ ನೀರಿನ ಹಿಂದೆಯೇ ಕೊಳವೆಗೆ ನುಗ್ಗಿದ ಆವಿ ಅಲ್ಲಿನ ತಂಪಿಗೆ ಮತ್ತೆ ನೀರಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ನೀರು ಕೊಳವೆಯೊಳಗೆ ಏರುತ್ತದೆ, ಅದರಲ್ಲಿ ಒಂದಿಷ್ಟು ಬಿಸಿ ಬಟ್ಟಲಿಗೆ ತಗುಲಿ ಪುನಃ ಆವಿಯಾಗುತ್ತದೆ. ಒತ್ತಡ ಏರಿದಾಗ ಪದರ ಉಬ್ಬುತ್ತದೆ, ಇಳಿದಾಗ ತಗ್ಗುತ್ತದೆ; ಒಂದೊಂದು ಏರಿಳಿತಕ್ಕೂ ಒಂದೊಂದು ಸದ್ದು. ಹೊರಹೋದಷ್ಟೇ ನೀರು ಒಳಬರುವುದಾದರೆ ಬೋಟು ನಿಂತಲ್ಲೇ ಅಲುಗಾಡಬೇಕಲ್ಲವೇ ಎಂಬ ಪ್ರಶ್ನೆ ಸಹಜವೇ. ಉಸಿರು ಬಿಟ್ಟು ದೀಪವನ್ನು ಆರಿಸಬಹುದು, ಅಷ್ಟೇ ದೂರದಿಂದ ಉಸಿರೆಳೆದು ಆರಿಸಲಾಗುವುದಿಲ್ಲ. ಹೊರಗೆ ಚಿಮ್ಮುವ ನೀರು ಒಂದೇ ದಿಕ್ಕಿಗೆ ಧಾರೆಯಾಗಿ ಹೋಗುತ್ತದೆ. ಒಳಗೆ ಬರುವ ನೀರು ಕೊಳವೆಯ ಬಾಯಿಯ ಸುತ್ತಲಿನ ಎಲ್ಲ ಕಡೆಯಿಂದಲೂ ಸರಿದುಬರುತ್ತದೆ. ಮುಂದಕ್ಕೆ ಉಳಿಯುವ ನೂಕು ಈ ವ್ಯತ್ಯಾಸದಿಂದ ಹುಟ್ಟುತ್ತದೆ.

ಇಂಥ ಬೋಟಿಗೆ 1891ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಅರ್ಜಿ ಹಾಕಿದವನು ಥಾಮಸ್ ಪಿಯೋ ಎಂಬ ಫ್ರೆಂಚ್ ವ್ಯಕ್ತಿ. ಮಿಡಿಯುವ ತೆಳುಪದರದ ಬಾಯ್ಲರಿಗೆ 1915ರಲ್ಲಿ ಅರ್ಜಿ ಹಾಕಿದವನು ಅಮೆರಿಕದ ಚಾರ್ಲ್ಸ್ ಮೆಕ್‌ಹ್ಯೂ. ನನ್ನ ಮೇಜಿನ ಮೇಲಿದ್ದದ್ದು ಈ ಎರಡನೆಯ ಜಾತಿಯದು.

ಮೊದಲ ಕೆಲಸ ಮಾಡನ್ನು ತೆಗೆಯುವುದು. ಒಡಲಿನ ಸೀಳುಗಳಲ್ಲಿ ತೂರಿ ಮಡಚಿದ ನಾಲ್ಕು ತಗಡಿನ ನಾಲಿಗೆಗಳು ಅದನ್ನು ಹಿಡಿದಿದ್ದವು. ಹಳೆಯ ತಗಡಿನ ನಾಲಿಗೆಯನ್ನು ಒಮ್ಮೆ ನೆಟ್ಟಗೆಮಾಡಿ ಮತ್ತೊಮ್ಮೆ ಮಡಚುವಷ್ಟು ಮಾತ್ರ ಆಯುಸ್ಸಿರುತ್ತದೆ ಎಂದೇ ತಿಳಿದು ಹೊರಡಬೇಕು. ಹಿಂದಿನ ರಾತ್ರಿಯೇ ಒಂದೊಂದಕ್ಕೂ ಹೊಲಿಗೆಯಂತ್ರದ ಎಣ್ಣೆಯನ್ನು ಹನಿಸಿಟ್ಟು, ಬೆಳಗ್ಗೆ ಇಕ್ಕಳದ ಬದಲು ಚೂಪುಮಾಡಿದ ಬಿದಿರಿನ ಸೀಳನ್ನು ಅಡಿಗೆ ತೂರಿಸಿ ನಿಧಾನವಾಗಿ ಎತ್ತಿದೆ. ಬಿದಿರು ಬಣ್ಣವನ್ನು ಗೀರುವುದಿಲ್ಲ, ತಗಡು ಒಂದೇ ಗೆರೆಯಲ್ಲಿ ಚೂಪಾಗಿ ಮಡಚಿಕೊಳ್ಳಲು ಬಿಡುವುದೂ ಇಲ್ಲ. ನಾಲ್ಕೂ ಉಳಿದವು. ಬಾಯ್ಲರು ಒಡಲಿಗೆ ಒಂದು ಪಟ್ಟಿಯಿಂದ ಮಾತ್ರ ಬಿಗಿದಿದ್ದುದರಿಂದ ಕೊಳವೆಗಳ ಸಮೇತ ಹೊರಗೆ ಬಂತು.

ಒಳಗೆ ಇದ್ದದ್ದು ಸಮುದ್ರದ ಕಡೆಯ ಊರಿನ ತುಕ್ಕು, ಕೆಂಪಗೆ ಪುಡಿಪುಡಿಯಾಗಿ ಉದುರುವಂಥದ್ದು. ಬಾಯ್ಲರಿನ ಬಟ್ಟಲು ಮತ್ತು ಒಡಲಿನ ಬಣ್ಣವಿಲ್ಲದ ಒಳಮೈಗೆ ನಾನು ಬಳಸಿದ್ದು ಬಿಂಬುಳಿಯ ರಸವನ್ನು. ನಮ್ಮ ಹಿತ್ತಿಲುಗಳಲ್ಲಿ ಉಪ್ಪಿನಕಾಯಿಗೆ ಆಗಿ ಮಿಕ್ಕದ್ದೆಲ್ಲ ಮರದ ಬುಡದಲ್ಲಿ ಬಿದ್ದು ಕೊಳೆಯುವ ಈ ಕಾಯಿಯಲ್ಲಿ ಆಕ್ಸಾಲಿಕ್ ಆಮ್ಲ ಹೇರಳವಾಗಿದೆ. ತುಕ್ಕು ತೆಗೆಯಲು ಅಂಗಡಿಯಲ್ಲಿ ಪುಡಿಯಾಗಿ ಕೊಳ್ಳುವುದೂ ಅದೇ ಆಮ್ಲವನ್ನು. ಜಜ್ಜಿ ಹಿಂಡಿದ ರಸದಲ್ಲಿ ನೆನೆದ ಬಟ್ಟೆಯನ್ನು ತುಕ್ಕಿನ ಮೇಲೆ ಹಾಸಿಟ್ಟು ಆಗಾಗ ತೆಗೆದು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದರೆ ಕೆಂಪು ಕರಗಿ ಕೆಳಗಿನ ಬೂದುಬಣ್ಣದ ಲೋಹ ಕಾಣಿಸುತ್ತದೆ. ಆಮ್ಲವನ್ನು ಹಾಗೆಯೇ ಬಿಟ್ಟರೆ ಅದು ತಗಡನ್ನೇ ತಿನ್ನಲು ತೊಡಗುವುದರಿಂದ, ಅಡುಗೆಸೋಡ ಕದಡಿದ ನೀರಿನಲ್ಲಿ ತೊಳೆದು, ಒರೆಸಿ, ಕೂಡಲೇ ಬಿಸಿಲಿಗೆ ಇಡಬೇಕು. ಮುದ್ರಿತ ಹೊರಮೈಗೆ ಆ ರಸ ತಾಗದಂತೆ ಎಚ್ಚರವಹಿಸಿದೆ. ಅಲ್ಲಿಗೆ ಒಣಬಟ್ಟೆಯಿಂದ ಒರೆಸಿ ತೆಳ್ಳಗೆ ಮೇಣ ಸವರಿದ್ದಷ್ಟೇ.

ಬಣ್ಣದ ವಿಷಯದಲ್ಲಿ ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ತಂದದ್ದು 2016ರಲ್ಲಿ. ಅದಕ್ಕೆ ದಶಕಗಳ ಹಿಂದಿನ ಆಟಿಕೆಯ ಬಣ್ಣದಲ್ಲಿ ಸೀಸವಿದೆ ಎಂದೇ ಭಾವಿಸಿ ಕೆಲಸಮಾಡಬೇಕು. ಅದನ್ನು ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು, ಕೆಲಸದ ಮೇಜಿನ ಬಳಿ ತಿಂಡಿ ತಿನ್ನಬಾರದು, ಸಣ್ಣ ಮಕ್ಕಳ ಕೈಗೆ ಅದನ್ನು ಕೊಡಬಾರದು. ಹಳೆಯ ಬೆಸುಗೆಯನ್ನೂ ಹೀಗೆಯೇ ಕಂಡು, ಕೆರೆದು ತೆಗೆದ ಚೂರುಗಳನ್ನು ತೋಟಕ್ಕೆ ಎಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ.

ಕೊಳವೆಗಳು ತಗಡನ್ನು ಸುತ್ತಿ ಅಂಚು ಬೆಸೆದು ಮಾಡಿದವು. ಹಿಡಿಸೂಡಿಯ ಕಡ್ಡಿಯನ್ನು ತೂರಿಸಿ ನೋಡಿದಾಗ ಒಂದರಲ್ಲಿ ಕಡ್ಡಿ ಕೊನೆಯವರೆಗೆ ಹೋಯಿತು. ಇನ್ನೊಂದು ತುಕ್ಕಿನಿಂದ ಕಟ್ಟಿತ್ತು, ಬಿಡಿಸುವಾಗ ಗೋಡೆಯೇ ಉದುರಿತು. ಎರಡರ ಒಳವ್ಯಾಸ ಬೇರೆಬೇರೆಯಾದರೆ ಧಾರೆ ಒಂದೇ ಸಮನಾಗಿರುವುದಿಲ್ಲ, ಬೋಟು ಒಂದು ಕಡೆಗೆ ಎಳೆಯುತ್ತದೆ ಎಂದು ಎರಡನ್ನೂ ಬದಲಿಸಿದೆ. ಮೂಲ ಕೊಳವೆಯ ಹೊರವ್ಯಾಸ 4 ಮಿಲಿಮೀಟರ್ ಇತ್ತು. ಅಂಥ ಸಪೂರ ಹಿತ್ತಾಳೆ ಕೊಳವೆಗಾಗಿ ಹುಡುಕುವವರಿಗೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ಏರಿಯಲನ್ನು ನೋಡಲು ಹೇಳುತ್ತೇನೆ. ಒಂದರೊಳಗೊಂದು ಸರಿಯುವ ಅದರ ತುಂಡುಗಳು ಕ್ರೋಮ್ ಲೇಪಿಸಿದ ಹಿತ್ತಾಳೆಯ ಕೊಳವೆಗಳು, ಅವುಗಳಲ್ಲಿ ಬೇಕಾದ ಅಳತೆಯದು ಒಂದಾದರೂ ಸಿಗುತ್ತದೆ. ಒಂದೇ ತುಂಡನ್ನು ಎರಡು ಮಾಡಿದ್ದರಿಂದ ವ್ಯಾಸದ ಚಿಂತೆಯೂ ಉಳಿಯಲಿಲ್ಲ. ಕ್ರೋಮಿಗೆ ಬೆಸುಗೆ ಹಿಡಿಯುವುದಿಲ್ಲ. ಬಟ್ಟಲಿಗೆ ಸೇರುವ ತುದಿಯಲ್ಲಿ ಹಿತ್ತಾಳೆಯ ಹಳದಿ ಕಾಣುವವರೆಗೆ ಅದನ್ನು ಉಜ್ಜಿ ತೆಗೆಯಬೇಕು. ಕೊಳವೆಯೊಳಗೆ ಒಣ ಮರಳು ಬಿಗಿಯಾಗಿ ತುಂಬಿ ಎರಡೂ ತುದಿ ಮುಚ್ಚಿ ಬಗ್ಗಿಸಿದರೆ ತಿರುವಿನಲ್ಲಿ ಚಪ್ಪಟೆಯಾಗುವುದಿಲ್ಲ.

ಇನ್ನು ಪದರ. ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು, ಹೆಚ್ಚು ಸಂತೋಷಪಟ್ಟದ್ದು ಇದರ ಜೊತೆಯಲ್ಲಿ. ಯಂತ್ರಗಳ ಬೇರಿಂಗ್ ಕೂರಿಸುವಾಗ ಸಂದಿ ತುಂಬಲು ಬಳಸುವ ಹಿತ್ತಾಳೆಯ ಶಿಮ್ ಹಾಳೆ ಮಂಗಳೂರಿನ ಬಂದರಿನ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. 0.1 ಮಿಲಿಮೀಟರ್ ಮತ್ತು 0.05 ಮಿಲಿಮೀಟರ್ ದಪ್ಪದವುಗಳನ್ನು ತಂದೆ. ಮೂಲ ಬಟ್ಟಲನ್ನು ಪದೇಪದೇ ಕಾಯಿಸಿದರೆ ಅದು ತಡೆಯದೆಂದು, ಎಣ್ಣೆ ಡಬ್ಬಿಯ ತಗಡಿನಿಂದ ಅದೇ ಅಳತೆಯ ಎರಡು ಮಾದರಿ ಬಟ್ಟಲುಗಳನ್ನು ಮಾಡಿ, ಒಂದಕ್ಕೆ ದಪ್ಪ ಪದರ, ಇನ್ನೊಂದಕ್ಕೆ ತೆಳುಪದರ ಬೆಸೆದು ನೀರಿನ ಬೋಗುಣಿಯಲ್ಲಿ ಕಟ್ಟಿನಿಲ್ಲಿಸಿ ಕಾಯಿಸಿದೆ. 0.1ರ ಪದರದ ಬಾಯ್ಲರಿನ ಕೊಳವೆಗಳಿಂದ ನೀರು ಚಿಮ್ಮುತ್ತಿದ್ದದ್ದು ಅರಿಸಿನ ಉದುರಿಸಿದಾಗ ಸ್ಪಷ್ಟವಾಗಿ ಕಂಡಿತು, ಆದರೆ ಕಿವಿ ಹತ್ತಿರ ಹಿಡಿದರೂ ಒಂದು ಮಂದವಾದ ಗುಜುಗುಜು ಮಾತ್ರ. 0.05ರದು ನೀರು ಕಾದ ಕೆಲವೇ ಕ್ಷಣಗಳಲ್ಲಿ ಪಕ್ಕದ ಕೋಣೆಗೆ ಕೇಳುವಷ್ಟು ಜೋರಾಗಿ ಹೊಡೆದುಕೊಳ್ಳಲು ತೊಡಗಿತು. ಬೋಟು ಓಡಲು ಮಿಡಿಯುವ ಪದರ ಅನಿವಾರ್ಯವಲ್ಲ, ಸದ್ದಿಗೆ ಮಾತ್ರ ಅದು ಬೇಕೇ ಬೇಕು ಎಂಬುದು ಈ ಪರೀಕ್ಷೆಯಿಂದ ಕೈಯಾರೆ ತಿಳಿಯಿತು.

ದಪ್ಪದ ಜೊತೆಗೆ ಆಕಾರವೂ ಮುಖ್ಯ. ಸಪಾಟಾದ ಪದರ ಅದುರುತ್ತದೆ, ಮಿಡಿಯುವುದಿಲ್ಲ. ಬಟ್ಟಲಿನ ಬಾಯಿಗಿಂತ ಸುತ್ತಲೂ 2 ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿಕೊಂಡ ವೃತ್ತವನ್ನು ಹಳೆಯ ಪತ್ರಿಕೆಗಳ ದಪ್ಪ ಅಟ್ಟಿಯ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಅಂಚಿನ ಒಳಗಡೆ ಒಂದು ಉಂಗುರವನ್ನು ಒತ್ತಬೇಕು. ಒಂದೇ ಸಲ ಬಲವಾಗಿ ಒತ್ತದೆ, ಹಗುರವಾಗಿ ಸುತ್ತುತ್ತ ಹೋದರೆ ಗೆರೆ ತಾನಾಗಿ ಆಳವಾಗುತ್ತದೆ. ಆಮೇಲೆ ನಡುಭಾಗವನ್ನು ಸಣ್ಣ ಸೌಟಿನ ಬೆನ್ನಿನಿಂದ ಸವರಿ ಕಣ್ಣಿಗೆ ಕಂಡೂ ಕಾಣದಷ್ಟು ಉಬ್ಬಿಸಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಟಿಕ್ ಎಂದು ಒಳಹೋಗಿ, ಬಿಟ್ಟಾಗ ಟಿಕ್ ಎಂದು ತಾನೇ ಮರಳಿದರೆ ಪದರ ಸಿದ್ಧವಾಯಿತು. ಒಳಹೋದದ್ದು ಅಲ್ಲೇ ಉಳಿದರೆ ಉಬ್ಬು ಹೆಚ್ಚಾಗಿದೆ ಎಂದು ಅರ್ಥ. ಅಂಥದ್ದನ್ನು ತಟ್ಟಿ ಸರಿಮಾಡುವ ಬದಲು ಹೊಸದಾಗಿ ಕತ್ತರಿಸುವುದೇ ಮೇಲು, ಏಕೆಂದರೆ ಸುಕ್ಕುಬಿದ್ದ ಶಿಮ್ ಮುಂದೆ ಸೀಳುವುದು ಆ ಸುಕ್ಕಿನಲ್ಲೇ.

ಬೆಸುಗೆಗೆ ಸೀಸವಿಲ್ಲದ, ತವರ ಮತ್ತು ತಾಮ್ರದ ಮಿಶ್ರಣದ ತಂತಿ ಬಳಸಿದೆ. ಅದು ಕರಗುವುದು 227 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಹಳೆಯ ಸೀಸ-ತವರದ ಬೆಸುಗೆ 183 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಒಳಗೆ ನೀರಿರುವವರೆಗೆ ಬಾಯ್ಲರು 100 ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಎರಡಕ್ಕೂ ಅಪಾಯವಿಲ್ಲ, ಆದರೆ ನೀರಾರಿದ ಬಾಯ್ಲರಿನ ಕೆಳಗೆ ಬತ್ತಿ ಉರಿಯುತ್ತಿದ್ದರೆ ಯಾವ ಬೆಸುಗೆಯೂ ನಿಲ್ಲದು. ಗ್ಯಾಸಿನ ಜ್ವಾಲೆಯನ್ನು ಈ ಕೆಲಸಕ್ಕೆ ತರಬಾರದು. ಅತಿಯಾದ ಶಾಖಕ್ಕೆ ಹಿತ್ತಾಳೆಯ ಬಿಗು ಹೋಗಿ ಅದು ಕಾಗದದಷ್ಟು ಮೆದುವಾಗುತ್ತದೆ, ಮತ್ತೆ ಟಿಕ್ ಎನ್ನುವುದಿಲ್ಲ. 60 ವ್ಯಾಟಿನ ಸಾಮಾನ್ಯ ಬೆಸುಗೆಕಡ್ಡಿ ಸಾಕು. ಮೊದಲು ಬಟ್ಟಲಿನ ಅಂಚಿಗೂ ಪದರದ ಅಂಚಿಗೂ ಬೇರೆಬೇರೆಯಾಗಿ ತೆಳ್ಳಗೆ ಕಲಾಯಿ ಹಾಕಿದೆ. ಆಮೇಲೆ ಪದರವನ್ನು ಕೂರಿಸಿ, ಶಾಖ ಎಳೆದುಕೊಳ್ಳದಂತೆ ಮರದ ತುಂಡೊಂದರಿಂದ ಅದುಮಿ ಹಿಡಿದು, ಎದುರುಬದುರಾಗಿ ನಾಲ್ಕು ಕಡೆ ಚುಕ್ಕಿಯಿಟ್ಟು, ಬಳಿಕ ನಡುವಿನ ಜಾಗಗಳನ್ನು ಸ್ವಲ್ಪ ಸ್ವಲ್ಪವಾಗಿ ಕಾಯಿಸುತ್ತ ಹೋದೆ. ಎರಡೂ ಕಡೆಯ ಕಲಾಯಿ ಕರಗಿ ಒಂದಾಗುವಾಗ ಅಂಚಿನಲ್ಲಿ ಬೆಳ್ಳಗಿನ ಹೊಳಪಿನ ಗೆರೆಯೊಂದು ಓಡುತ್ತದೆ. ಆ ಗೆರೆ ಎಲ್ಲಿಯೂ ಕಡಿಯದೆ ಸುತ್ತು ಮುಗಿಸಬೇಕು. ಕೊಳವೆಗಳ ಬುಡದ ಬೆಸುಗೆಯನ್ನು ಪದರ ಕೂರಿಸುವ ಮೊದಲೇ ಮುಗಿಸಿದ್ದೆ, ಏಕೆಂದರೆ ಅಲ್ಲಿಗೆ ಬೇಕಾಗುವ ಶಾಖ ಹೆಚ್ಚು. ತುಕ್ಕುಹಿಡಿದಿದ್ದ ತಗಡಿಗೆ ಸತುವಿನ ಕ್ಲೋರೈಡಿನ ದ್ರಾವಣ ಹಚ್ಚಿ ಬೆಸೆದಿದ್ದರಿಂದ, ಎಲ್ಲ ಮುಗಿದ ಮೇಲೆ ಒಳಗೂ ಹೊರಗೂ ಬಿಸಿನೀರಿನಿಂದ ಚೆನ್ನಾಗಿ ತೊಳೆದೆ. ಅದರ ಅಂಶ ಉಳಿದರೆ ಮುಂದಿನ ತುಕ್ಕು ಅಲ್ಲಿಂದಲೇ ಹೊರಡುತ್ತದೆ.

ಸೋರಿಕೆ ನೋಡಲು ಸೈಕಲಿನ ವಾಲ್‌ಟ್ಯೂಬನ್ನು (ಸಪೂರ ರಬ್ಬರ್ ನಳಿಗೆ) ಒಂದು ಕೊಳವೆಗೆ ಸಿಕ್ಕಿಸಿ, ಇನ್ನೊಂದನ್ನು ಬೆರಳಿನಿಂದ ಮುಚ್ಚಿ, ಬಾಯ್ಲರನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಊದಬೇಕು. ಬಾಯಿಯ ಗಾಳಿಯೇ ಸಾಕು. ಪಂಪು ಹಚ್ಚಿದರೆ 0.05ರ ಪದರ ಒಂದೇ ಹೊಡೆತಕ್ಕೆ ಉಬ್ಬಿ ಕೆಟ್ಟುಹೋಗುತ್ತದೆ. ಗುಳ್ಳೆ ಬರಲಿಲ್ಲ.

ಒಡಲಿನ ತೂತಿಗೆ ಬೆಸುಗೆ ಹಾಕಲಿಲ್ಲ, ಹಾಕಿದ್ದರೆ ಹೊರಮೈಯ ಹಸಿರು ಸುಟ್ಟು ಕಪ್ಪಾಗುತ್ತಿತ್ತು. ಒಳಗಡೆಯಿಂದ ಸಣ್ಣ ತಗಡಿನ ತೇಪೆಯನ್ನು ಎರಡು ಟ್ಯೂಬಿನ ಅರಾಲ್ಡೈಟಿನಿಂದ ಅಂಟಿಸಿದೆ. ಅದು ಬತ್ತಿಯಿಂದ ದೂರದಲ್ಲಿ, ನೀರಿಗೆ ತಾಗಿಕೊಂಡಿರುವ ಜಾಗವಾದ್ದರಿಂದ ಅಂಟು ಕಾಯುವುದಿಲ್ಲ. ಕೊಳವೆಗಳು ಒಡಲನ್ನು ದಾಟುವಲ್ಲಿಯೂ ಅದನ್ನೇ ಹಚ್ಚಿದೆ.

ಬತ್ತಿಯ ಚಮಚವನ್ನು ಮಿಕ್ಕ ತಗಡಿನಿಂದ ಮಾಡಿದೆ, ಅಂಚನ್ನು ಒಳಕ್ಕೆ ಮಡಚಿ, ಹಿಡಿಯನ್ನು ಉದ್ದವಾಗಿ ಬಿಟ್ಟು. ಹತ್ತಿಬತ್ತಿಯ ಗಿಡ್ಡ ತುಂಡು, ಅದು ನೆನೆಯುವಷ್ಟು ತೆಂಗಿನೆಣ್ಣೆ. ಜ್ವಾಲೆಯ ತುದಿ ಬಟ್ಟಲಿನ ತಳವನ್ನು ನೆಕ್ಕುವಂತಿರಬೇಕು. ಬತ್ತಿ ಎತ್ತರವಾದರೆ ತಳಕ್ಕೆ ಮಸಿ ಕಟ್ಟಿ ಶಾಖ ದಾಟುವುದಿಲ್ಲ. ತೆಂಗಿನೆಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವುದರಿಂದ ಧನುರ್ಮಾಸದ ಬೆಳಗಿನಲ್ಲಿ ಬೋಟು ಬಿಡುವವರು ಎಣ್ಣೆಯನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಬೇಕಾಗುತ್ತದೆ.

ಓಡಿಸಿ ನೋಡಿದ್ದು ಮನೆಯ ಹಿಂದಿನ ಗುಡ್ಡದಲ್ಲಿ ಮುರಕಲ್ಲು ಕೊರೆದ ಸುರಂಗದಿಂದ ನೀರು ಬಂದು ಬೀಳುವ ಮಣ್ಣಿನ ಟ್ಯಾಂಕಿಯಲ್ಲಿ. ಗೆಳೆಯನೂ ಅವನ ಮೊಮ್ಮಗನೂ ಬಂದಿದ್ದರು. ವಾಲ್‌ಟ್ಯೂಬಿನಿಂದ ಒಂದು ಕೊಳವೆಗೆ ನೀರು ಬಿಡುತ್ತ, ಇನ್ನೊಂದರಿಂದ ಗುಳ್ಳೆಯಿಲ್ಲದೆ ನೀರು ಹೊರಬಂದ ಕೂಡಲೇ ಎರಡೂ ಬಾಯಿಗಳನ್ನು ಬೆರಳಿನಿಂದ ಮುಚ್ಚಿ, ಬೋಟನ್ನು ನೀರಿಗಿಳಿಸಿ ಬೆರಳು ತೆಗೆದೆ. ಬತ್ತಿಯನ್ನು ಗೆಳೆಯನೇ ಹಚ್ಚಲೆಂದು ಕಡ್ಡಿಪೆಟ್ಟಿಗೆ ಕೊಟ್ಟರೆ ಅವನು ಅದನ್ನು ನನಗೇ ಹಿಂದಕ್ಕೆ ಕೊಟ್ಟ. ಚಮಚವನ್ನು ಒಳಗೆ ಸರಿಸಿದ ಮೇಲೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಬಳಿಕ ಮಾಡು ಒಮ್ಮೆ ನಡುಗಿತು, ಬಿಡಿಬಿಡಿಯಾಗಿ ಎರಡು ಮೂರು ಸದ್ದು ಬಂತು, ಹಿಂಬದಿಯ ನೀರು ಸಣ್ಣಗೆ ಮುರಿಯಿತು, ಆಮೇಲೆ ಪಟಪಟ ಎಂಬುದು ಒಂದೇ ಸಮನೆ ಹಿಡಿದುಕೊಂಡು ಬೋಟು ಹೊರಟಿತು. ಟ್ಯಾಂಕಿಯ ಮೂರು ಬದಿಯ ಮಣ್ಣಿನ ಗೋಡೆಗಳು ಆ ಸದ್ದನ್ನು ಹಿಂದಕ್ಕೆ ಕೊಡುತ್ತಿದ್ದುದರಿಂದ ಅದು ನನ್ನ ನೆನಪಿನಲ್ಲಿದ್ದುದಕ್ಕಿಂತ ದೊಡ್ಡದಾಗಿ ಕೇಳಿಸಿತು. ಚುಕ್ಕಾಣಿಯ ತಗಡು ತುಸು ಎಡಕ್ಕೆ ಬಾಗಿದ್ದರಿಂದ ಬೋಟು ವೃತ್ತವಾಗಿ ಸುತ್ತುತ್ತಿತ್ತು. ಅದನ್ನು ನೆಟ್ಟಗೆ ಮಾಡಲು ಹೊರಟ ನನ್ನನ್ನು ಗೆಳೆಯ ತಡೆದ. ತನ್ನ ಕೈಯಲ್ಲಿದ್ದಾಗಲೂ ಅದು ಹೀಗೆಯೇ ಸುತ್ತುತ್ತಿತ್ತಂತೆ, ದಡಕ್ಕೆ ಬಂದು ತಾಗದಿರಲೆಂದು ಅವನ ಮಾವನೇ ಅದನ್ನು ಬಾಗಿಸಿಕೊಟ್ಟಿದ್ದರಂತೆ. ಹಾಗಾಗಿ ಚುಕ್ಕಾಣಿಯೂ ಬಣ್ಣದ ಹಾಗೆ ಮುಟ್ಟಬಾರದವುಗಳ ಸಾಲಿಗೆ ಸೇರಿತು.

ಓಟ ಮುಗಿದ ಮೇಲೆ ಬತ್ತಿಯನ್ನು ಮೊದಲು ಹೊರಗೆಳೆದು, ಬಾಯ್ಲರು ತಣಿದ ನಂತರ ಬೋಟನ್ನು ಎತ್ತಬೇಕು. ಕೊಳವೆಯಲ್ಲಿ ಉಳಿದ ನೀರನ್ನು ಊದಿ ತೆಗೆದು, ಬಿಸಿಲಿನಲ್ಲಿ ಒಣಗಿಸಿ, ಒಳಮೈಗೆ ಹೊಲಿಗೆಯಂತ್ರದ ಎಣ್ಣೆಯನ್ನು ಸವರಿಡುತ್ತಿದ್ದೇನೆ. ನಮ್ಮ ಮಳೆಗಾಲದ ತೇವಕ್ಕೆ ಅಷ್ಟೂ ಸಾಲದೆಂದು ಜೂನ್ ತಿಂಗಳಿನಿಂದ ಅದನ್ನು ಒಣಗಿಸಿದ ಅಕ್ಕಿಯ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಲಿದ್ದೇನೆ. ಆ ಅಕ್ಕಿಯನ್ನು ಮತ್ತೆ ಅಡುಗೆಗೆ ಬಳಸುವಂತಿಲ್ಲ.

ಮೊಮ್ಮಗ ಬೋಟನ್ನು ಕೈಯಲ್ಲಿ ಹಿಡಿಯಬೇಕೆಂದು ಕೇಳಿದಾಗ ಹಳೆಯ ಬಣ್ಣದ ಕಾರಣಕ್ಕೆ ಕೊಡಲಾಗಲಿಲ್ಲ. ಪರೀಕ್ಷೆಗೆಂದು ಮಾಡಿದ್ದ 0.05ರ ಬಾಯ್ಲರು ಕೆಲಸಕ್ಕೆ ಬರುವ ಸ್ಥಿತಿಯಲ್ಲೇ ಇದೆ. ಅದನ್ನು ಕೂರಿಸಲು ಬಣ್ಣವಿಲ್ಲದ ಎಣ್ಣೆ ಡಬ್ಬಿಯ ತಗಡಿನಲ್ಲಿ, ಹಳೆಯ ಬೋಟಿನ ಅಳತೆಗಿಂತ ತುಸು ಅಗಲವಾಗಿ ಒಂದು ಒಡಲನ್ನು ಗುರುತು ಹಾಕಿ ಕತ್ತರಿಸಿದ್ದೇನೆ. ಕತ್ತರಿಸಿದ ಅಂಚುಗಳನ್ನು ಸುತ್ತಲೂ ಒಳಕ್ಕೆ ಮಡಚಿ, ಬೆರಳಿಗೆ ತಗುಲದಂತೆ ತಟ್ಟುವುದು ಬಾಕಿಯಿದೆ.